ಲೆಕ್ಕಕ್ಕೆ ಬಂದ ರಸ್ತೆ, ಲೆಕ್ಕಕ್ಕೆ ಬಾರದ ಏರಿ: ಕಮಿಷನರರ ಕಾಲದ ಮೈಸೂರಿನ ಕಾಮಗಾರಿ ವೆಚ್ಚ

1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಹೆಸರಿಗೆ ಅರಸರದು, ಆಡಳಿತ ಬ್ರಿಟಿಷ್ ಕಮಿಷನರರದು. ಖಜಾನೆಯ ಬೀಗದಕೈ ಅರಮನೆಯಲ್ಲಿರಲಿಲ್ಲ. ಹಾಗಾಗಿ ಈ ಐವತ್ತು ವರ್ಷಗಳಲ್ಲಿ ರಸ್ತೆ, ಸೇತುವೆ, ಕೆರೆ, ಕಟ್ಟಡಗಳಿಗೆ ಆದ ಖರ್ಚನ್ನು ದೇಶೀ ಸಂಸ್ಥಾನದ ಖರ್ಚೆನ್ನುವುದಕ್ಕಿಂತ ವಸಾಹತು ಸರ್ಕಾರದ ಖರ್ಚೆಂದು ಓದುವುದೇ ಸರಿ. ಈ ಕಾಲದ ಬಗ್ಗೆ ಬರೆದವರಲ್ಲಿ ಒಂದು ಮಾತು ರೂಢಿಯಾಗಿಬಿಟ್ಟಿದೆ: ಮೊದಲು ಕಾಮಗಾರಿಗೆ ಹಣವೇ ಇರಲಿಲ್ಲ, ಲೋಕೋಪಯೋಗಿ ಇಲಾಖೆ ಬಂದ ಮೇಲೆ ಹಣ ಹರಿಯಿತು ಎಂಬುದು. ಮಾತಿನ ಮೊದಲರ್ಧವನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗಿದೆ.

ರೂಢಿಯ ಮಾತಿಗೆ ಆಧಾರವೇ ಇಲ್ಲವೆಂದಲ್ಲ. 1834ರಲ್ಲಿ ಕಮಿಷನರಾಗಿ ಅಧಿಕಾರ ವಹಿಸಿಕೊಂಡ ಮಾರ್ಕ್ ಕಬ್ಬನ್ ರಸ್ತೆಗಳ ಮೇಲೆ ಕಣ್ಣಿಟ್ಟಿದ್ದ ಮನುಷ್ಯ. 1856ಕ್ಕೆ ಮುಂಚಿನ ಕಾಲು ಶತಮಾನದಲ್ಲಿ 1,597 ಮೈಲಿ ರಸ್ತೆ, 309 ಸೇತುವೆ, 1,998 ಮೋರಿ ಆದವೆಂದು ಸರ್ಕಾರಿ ಲೆಕ್ಕ ಹೇಳುತ್ತದೆ. ಹೇರೆತ್ತಿನ ಬೆನ್ನ ಮೇಲೆ ಸಾಗುತ್ತಿದ್ದ ಸರಕು ಗಾಡಿಗೆ ಇಳಿಯಿತು. ಘಟ್ಟದ ದಾರಿಗಳು ಕರಾವಳಿಗೆ ತೆರೆದವು. ಇವುಗಳ ಲಾಭ ಮೊದಲು ಸಿಕ್ಕಿದ್ದು ಮಂಜರಾಬಾದು, ಚಿಕ್ಕಮಗಳೂರು ಕಡೆಯ ಕಾಫಿ ತೋಟದವರಿಗೆ. ದಂಡಿನ ಸಾಗಾಟಕ್ಕೂ ಅವೇ ದಾರಿಗಳು ಬೇಕಾಗಿದ್ದವು. ಗಮನಿಸಬೇಕಾದ್ದೆಂದರೆ, ಇಷ್ಟೆಲ್ಲ ನಡೆದದ್ದು ಪ್ರತ್ಯೇಕ ಇಲಾಖೆ ಇಲ್ಲದೆ. ಗವರ್ನರ್ ಜನರಲ್ ಡಾಲ್‌ಹೌಸಿ ಮಿಲಿಟರಿ ಬೋರ್ಡನ್ನು ರದ್ದುಮಾಡಿ ಲೋಕೋಪಯೋಗಿ ಇಲಾಖೆಯನ್ನು ಕಟ್ಟಿದ ಮೇಲೆ, 1856ರಲ್ಲಿ ಮೈಸೂರಿಗೂ ಮುಖ್ಯ ಎಂಜಿನಿಯರು, ಸಿಬ್ಬಂದಿ, ಅಂದಾಜುಪಟ್ಟಿ, ಮಂಜೂರಾತಿಗಳ ಕ್ರಮ ಬಂತು. ಅಲ್ಲಿಯವರೆಗೆ ಮರಾಮತ್ತು ಕಂದಾಯದ ಅಧಿಕಾರಿಗಳ ಕೈಯಲ್ಲೇ ಇತ್ತು.

ಕೆರೆಗಳ ಲೆಕ್ಕಕ್ಕೆ ಬಂದರೆ ಚಿತ್ರ ಬೇರೆ. ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಕೊಟ್ಟ ವರದಿಯ ಪ್ರಕಾರ, 27,269 ಚದರ ಮೈಲಿಯ ಸಂಸ್ಥಾನದಲ್ಲಿ ಶೇಕಡ 60ರಷ್ಟು ನೆಲ ಆಗಲೇ ಒಂದಲ್ಲ ಒಂದು ಕೆರೆಯ ಜಲಾನಯನಕ್ಕೆ ಸೇರಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟರ ಮಟ್ಟಿಗೆ ಈ ಕೆಲಸ ಮುಗಿದಿದೆ ಎಂಬುದು ಆತನ ಅಭಿಪ್ರಾಯ. ಸರಪಣಿಯಾಗಿ ಕಟ್ಟಿದ ಕೆರೆಗಳಲ್ಲಿ ಮೇಲಿನದರ ಏರಿ ಒಡೆದರೆ ಆ ನೀರೆಲ್ಲ ಒಮ್ಮೆಗೇ ಕೆಳಗಿನದರ ಮೇಲೆ ಬೀಳುತ್ತದೆ. ಆದ್ದರಿಂದ ಒಂದೊಂದು ಕೆರೆಯನ್ನು ಬಿಡಿಯಾಗಿ ನೋಡದೆ ಇಡೀ ಸಾಲನ್ನೇ ಸರಿಪಡಿಸಬೇಕೆಂದು ಆತ ವಾದಿಸಿದ. ಸಾವಿರಾರು ಕೆರೆಗಳು ಶತಮಾನಗಳ ಕಾಲ ಉಳಿದು ಬಂದದ್ದು ಯಾರ ಖರ್ಚಿನಲ್ಲಿ? ನಮ್ಮ ಪ್ರಶ್ನೆ ಶುರುವಾಗುವುದು ಇಲ್ಲಿ.

ಉತ್ತರ ಶಾಸನಗಳಲ್ಲೂ ಊರಿನ ಪದ್ಧತಿಯಲ್ಲೂ ಇದೆ. ಕೆರೆ ಕಟ್ಟಿಸಿದವರಿಗೆ, ಕಾಯ್ದುಕೊಂಡವರಿಗೆ ಕೆರೆಯ ಕೆಳಗೇ ಬಿತ್ತುವಟ್ಟವಾಗಿ ಗದ್ದೆ ಬಿಡುತ್ತಿದ್ದರು. ಆಮೇಲಿನ ಕಾಲಕ್ಕೆ ಅದನ್ನೇ ಕಟ್ಟುಕೊಡಗೆ, ಕೆರೆಕೊಡಗೆ ಎಂದರು. ಹೂಳು ಹೊರಲು ಬಂಡಿ ಇಡುವುದಕ್ಕೆಂದೇ ಭೂಮಿ ಬಿಟ್ಟ ಶಾಸನಗಳುಂಟು. ಮಳೆಗಾಲದಲ್ಲಿ ಕೋಡಿ ನೋಡುವುದು, ಸರದಿಯಂತೆ ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರೆಂದು ತೀರ್ಮಾನಿಸುವುದು ನೀರುಗಂಟಿಯ ಕೆಲಸ. ಅವನು ಆಯಗಾರರಲ್ಲಿ ಒಬ್ಬ. ಅವನ ಸಂಬಳ ಸಂದಾಯವಾಗುತ್ತಿದ್ದದ್ದು ಕಣದಲ್ಲಿ, ರಾಶಿ ಅಳೆಯುವ ಮುಂಚೆ, ಕೊಳಗದ ಲೆಕ್ಕದಲ್ಲಿ. ವಾರ ಅಥವಾ ಬಟಾಯಿ ಪದ್ಧತಿಯಲ್ಲಿ ಸರ್ಕಾರವೂ ಅದೇ ರಾಶಿಯಲ್ಲಿ ಪಾಲುದಾರ. ಕೆರೆ ಬತ್ತಿದರೆ ಸರ್ಕಾರದ ಪಾಲೂ ಬತ್ತುತ್ತಿತ್ತು.

ಈ ಗದ್ದೆ, ಈ ಕೊಳಗದ ಧಾನ್ಯ, ಊರವರು ಬೇಸಗೆಯಲ್ಲಿ ಹೊತ್ತು ಹಾಕಿದ ಮಣ್ಣು ಯಾವುದೂ ಖಜಾನೆಯಿಂದ ಹೊರಟ ರೂಪಾಯಿ ಅಲ್ಲ. ಆದ್ದರಿಂದ ಖರ್ಚಿನ ಕಲಮಿನಲ್ಲಿ ಅವಕ್ಕೆ ಜಾಗವಿಲ್ಲ. ಕೊಡಗೆಯ ಜಮೀನು ಕಾಣಿಸಿಕೊಂಡದ್ದು ಕಂದಾಯದ ಲೆಕ್ಕದಲ್ಲಿ, ಅದೂ ಸರ್ಕಾರಕ್ಕೆ ಆದ ಖೋತಾ ಎಂಬಂತೆ. 1856ರ ಹಿಂದಿನ ಅಲ್ಪ ಮೊತ್ತವನ್ನೂ ಆಮೇಲಿನ ದೊಡ್ಡ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವವರು ಇಡಿಯ ಎದುರು ತುಣುಕನ್ನು ಇಟ್ಟು ತೂಗುತ್ತಿದ್ದಾರೆ. ಏರಿಕೆಯ ಒಂದು ಭಾಗ ನಿಜವಾದ ಹೊಸ ಕೆಲಸದ್ದು. ಇನ್ನೊಂದು ಭಾಗ ಮೊದಲು ಧಾನ್ಯದಲ್ಲಿ, ದುಡಿಮೆಯಲ್ಲಿ ತೀರುತ್ತಿದ್ದದ್ದು ನಗದಿಗೆ ತಿರುಗಿದ್ದರಿಂದ ಬಂದದ್ದು.

ಹಳೆಯ ಏರ್ಪಾಡನ್ನು ಹೊನ್ನಿನ ಯುಗವೆಂದು ವರ್ಣಿಸುವ ಚಪಲ ನಮ್ಮವರಿಗೆ ಬೇಗ ಬರುತ್ತದೆ, ಅದೂ ಬೇಡ. 1831ರ ಹೊತ್ತಿಗೆ ಒಡೆದ ಕೆರೆಗಳು ಬೇಕಾದಷ್ಟಿದ್ದವು, ಕೊಡಗೆ ಉಂಡು ಕೆರೆಯತ್ತ ತಲೆಹಾಕದವರೂ ಇದ್ದರು. ಆದರೆ ಕಬ್ಬನ್ ಕಾಲದಲ್ಲಿ ಬಟಾಯಿ ಮೆಲ್ಲಗೆ ನಗದು ಕಂದಾಯಕ್ಕೆ ತಿರುಗಿತು, 1863ರಿಂದ ಸರ್ವೆ ಸೆಟ್ಲ್‌ಮೆಂಟು ಶುರುವಾಯಿತು, ಅದರ ಬೆನ್ನಿಗೆ ಕೊಡಗೆಯಂಥ ಇನಾಮುಗಳ ತನಿಖೆ ನಡೆಯಿತು. ನಿಗದಿಯಾದ ಕಂದಾಯ ಬರುವವರೆಗೆ ಈ ವರ್ಷದ ನೀರಿನ ಚಿಂತೆ ಸರ್ಕಾರಕ್ಕೆ ಮೊದಲಿನಷ್ಟು ನೇರವಾಗಿ ತಟ್ಟುತ್ತಿರಲಿಲ್ಲ. 1870ರ ದಶಕದ ಹೊತ್ತಿಗೆ ನೆಲೆಗೊಂಡ ಸೂತ್ರ ಇದು: ಸರ್ಕಾರ ಕೆರೆಯನ್ನು ಒಂದು ಮಟ್ಟಕ್ಕೆ ತಂದು ಒಪ್ಪಿಸುತ್ತದೆ, ಮುಂದಿನ ದುರಸ್ತಿ ರೈತರದು. ಕಾಗದದ ಮೇಲೆ ನ್ಯಾಯವಾಗಿಯೇ ಇದೆ. ಆದರೆ ರೈತರು ಆ ಹೊಣೆಯನ್ನು ಹಿಂದೆ ಯಾವ ಆದಾಯದಿಂದ ಹೊರುತ್ತಿದ್ದರೋ ಅದನ್ನೇ ಅಲುಗಾಡಿಸಿ, ಹೊಣೆಯನ್ನು ಮಾತ್ರ ಉಳಿಸಿದಂತಾಯಿತು.

ಹಣವೇ ಇರಲಿಲ್ಲವೆ? 1799ರ ಒಪ್ಪಂದದಂತೆ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು. 1861ರಲ್ಲಿ ಕಬ್ಬನ್ ಅಧಿಕಾರ ಬಿಟ್ಟಾಗ ಸಂಸ್ಥಾನದ ವಾರ್ಷಿಕ ಹುಟ್ಟುವಳಿ ಸುಮಾರು ಒಂದು ಕೋಟಿ. ಅಂದರೆ ಹೆಚ್ಚುಕಡಿಮೆ ಕಾಲುಪಾಲು ಮೊದಲೇ ಹೊರಗೆ ಹೋಗುತ್ತಿತ್ತು. ಕಾಮಗಾರಿಗೆ ಎಷ್ಟು ಖರ್ಚಾಯಿತೆಂದು ಬರೆಯುವಾಗ ಈ ಸಾಲನ್ನೂ ಪಕ್ಕದಲ್ಲೇ ಬರೆಯಬೇಕು. ಉಳಿದ ಹಣದಲ್ಲಿ ಬೆಂಗಳೂರಿನ ಪಾಲು ಇಂದಿಗೂ ಕಣ್ಣಿಗೆ ಕಾಣುತ್ತದೆ: 1868ರಲ್ಲಿ ಮುಗಿದ ಅಠಾರಾ ಕಚೇರಿ, 1870ರ ಕಬ್ಬನ್ ಉದ್ಯಾನ.

1876–78ರ ಬರ ಈ ಏರ್ಪಾಡನ್ನು ಪರೀಕ್ಷೆಗೆ ಒಡ್ಡಿತು. ಮೊದಲು ಪರಿಹಾರದ ಕೆಲಸ ನಡೆದದ್ದು ಕಂದಾಯ ಅಧಿಕಾರಿಗಳ ಕೆಳಗೆ, ಊರ ಸಮೀಪದ ಸಣ್ಣ ಕಾಮಗಾರಿಗಳಲ್ಲಿ. 1877ರಲ್ಲಿ ಬರದ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ ಗಂಜಿ ಕೇಂದ್ರಗಳಲ್ಲಿದ್ದ ಜನರನ್ನು ಲೋಕೋಪಯೋಗಿ ಇಲಾಖೆಯ ದೊಡ್ಡ ಕಾಮಗಾರಿಗಳಿಗೆ ಕಳಿಸಲು ಒತ್ತು ಕೊಟ್ಟ. ಬಡಕಲಾದ ಜನ ಮನೆ ಬಿಟ್ಟು ಕೆಲಸವಿದ್ದಲ್ಲಿಗೆ ನಡೆಯಬೇಕಾಯಿತು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸವೂ ಈ ಕಾಲದ್ದೇ. 1882ರಲ್ಲಿ ರೈಲು ಮೈಸೂರು ಮುಟ್ಟಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು.

1881ರ ಮಾರ್ಚ್ 25ರಂದು ರಾಜ್ಯ ಚಾಮರಾಜ ಒಡೆಯರ ಕೈಗೆ ಮರಳಿತು. ಜೊತೆಗೆ ಬಂದದ್ದು ಬರಕ್ಕಾಗಿ ಮಾಡಿದ 80 ಲಕ್ಷ ರೂಪಾಯಿ ಸಾಲ, ಮತ್ತು ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತು. ಏರಿಕೆಯನ್ನು ಕೆಲವು ವರ್ಷ ಮುಂದೂಡಲಾಯಿತು. ಕೆರೆಯ ದುರಸ್ತಿಗೆ ಯಾರು ಹೊಣೆ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಆ ಹೊಣೆಯನ್ನು ಊರಿನ ಪಂಚಾಯತಿಗೆ ಕಾನೂನಿನ ಮೂಲಕ ಒಪ್ಪಿಸುವ ಕೆರೆ ಪಂಚಾಯತಿ ರೆಗ್ಯುಲೇಷನ್ ಬಂದದ್ದು 1911ರಲ್ಲಿ. ಆ ಕಾನೂನು ಕೊಟ್ಟ ಅಧಿಕಾರಕ್ಕೂ ಹಿಂದಿನ ಕೊಡಗೆಯ ಆದಾಯಕ್ಕೂ ತಾಳೆ ಹಾಕುವುದು ಮುಂದಿನ ಟಿಪ್ಪಣಿಯ ಕೆಲಸ.