ನಾರಿಹಳ್ಳದ ಹೂಳು ಎತ್ತ ಸಾಗುತ್ತದೆ: ಸಂಡೂರಿನ ಅದಿರು ಸಂಸ್ಕರಣೆ ಮತ್ತು ನೀರಿನ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಇಲ್ಲಿ ‘ಸಂಡೂರು’ ಎಂದರೆ ಇಂದಿನ ತಾಲ್ಲೂಕು. 1949ರಲ್ಲಿ ವಿಲೀನವಾದ ಘೋರ್ಪಡೆ ಸಂಸ್ಥಾನವಲ್ಲ. ಕರ್ನಾಟಕದಲ್ಲಿ ಗಣಿ ಮತ್ತು ನೀರಿನ ಚರ್ಚೆ ಬಹುಮಟ್ಟಿಗೆ ಎರಡು ಭೂಗತ ಗಣಿಗಳ ಅನುಭವದಿಂದ ರೂಪುಗೊಂಡಿದೆ: ಹಟ್ಟಿ, ಮತ್ತು 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿ. ಅಲ್ಲಿನ ಪ್ರಶ್ನೆಗಳು ಸುರಂಗದಿಂದ ಮೇಲೆತ್ತುವ ನೀರು, ಸೈನೈಡ್ ಸಂಸ್ಕರಣೆ, ಗಂಧಕಯುಕ್ತ ಖನಿಜಗಳು. ಕೋಲಾರದ ‘ಸೈನೈಡ್ ಗುಡ್ಡ’ಗಳು ಅದರ ಕಣ್ಣಿಗೆ ಕಾಣುವ ಶೇಷ.

ಸಂಡೂರಿನ ಕಬ್ಬಿಣದ ಅದಿರು ಬೆಟ್ಟದ ನೆತ್ತಿಯಲ್ಲಿದೆ, ಗಣಿ ತೆರೆದದ್ದು, ಖನಿಜ ಮುಖ್ಯವಾಗಿ ಆಕ್ಸೈಡ್ ರೂಪದ ಹೆಮಟೈಟ್. ಆದ್ದರಿಂದ ಆಮ್ಲೀಯ ನೀರಿನ ಭಯ ಇಲ್ಲಿ ಗೌಣ ಎನ್ನಬಹುದು. ಪರಿಶೀಲಿಸಬೇಕಾದದ್ದು ಹರಿಯುವ ಮಣ್ಣನ್ನು, ತೊಳೆದು ಉಳಿದ ಸಣ್ಣ ಕಣವನ್ನು. ಮ್ಯಾಂಗನೀಸ್ ಮಾತ್ರ ಭಾಗಶಃ ಅಪವಾದ. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಅದು ಕರಗಬಲ್ಲದು.

2. ಜಲಾನಯನದ ಗಡಿ

ಸ್ಥಳೀಯ ಚರ್ಚೆಯಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಗಣಿಯ ಮಣ್ಣು ನಾರಿಹಳ್ಳಕ್ಕೆ ಸೇರುತ್ತದೆ, ಗಣಿಯ ಮಣ್ಣಿನಿಂದ ತುಂಗಭದ್ರಾ ಜಲಾಶಯ ತುಂಬುತ್ತಿದೆ. ಮೊದಲನೆಯದು ಸಾಧಾರವೆಂದೇ ಇಟ್ಟುಕೊಂಡರೂ ಎರಡನೆಯದು ಅದರಿಂದ ಸಿದ್ಧವಾಗುವುದಿಲ್ಲ. ಕಣಿವೆಯ ನೀರನ್ನೆಲ್ಲ ಒಯ್ಯುವ ನಾರಿಹಳ್ಳ ಬೆಟ್ಟಸಾಲನ್ನು ಗಂಡಿಯಲ್ಲಿ ಸೀಳಿ (ಓಬಳಗಂಡಿ, ಭೀಮಗಂಡಿ ಎಂಬ ಹೆಸರುಗಳು ಈ ಕೊರೆತದವೇ) ತಾರಾನಗರದ ಜಲಾಶಯಕ್ಕೆ ಬರುತ್ತದೆ, ಮುಂದೆ ದರೋಜಿ ಕೆರೆಯ ಕಡೆಗೆ ಸಾಗಿ ಅಣೆಕಟ್ಟಿನ ಕೆಳಗೆ ತುಂಗಭದ್ರೆಯನ್ನು ಸೇರುತ್ತದೆ. ಹೀಗಾಗಿ ನಾರಿಹಳ್ಳದ ಹೂಳು ಮೊದಲು ತಾರಾನಗರದಲ್ಲಿ, ಆಮೇಲೆ ದರೋಜಿಯಲ್ಲಿ ಕೂರಬೇಕು, ಅಣೆಕಟ್ಟಿನ ಹಿಂದಲ್ಲ. ತುಂಗಭದ್ರಾ ಜಲಾಶಯಕ್ಕೆ ನೇರವಾಗಿ ಸಂಬಂಧಿಸಬಹುದಾದದ್ದು ಹೊಸಪೇಟೆಯ ಕಡೆ ಇಳಿಯುವ ಪಶ್ಚಿಮದ ಹಳ್ಳಗಳು ಮಾತ್ರ. ಆ ಜಲಾಶಯದ ಜಲಾನಯನವೋ ಮಲೆನಾಡಿನವರೆಗೆ ಹಬ್ಬಿ ಸುಮಾರು 28,000 ಚದರ ಕಿ.ಮೀ. ಇದೆ.

ಹೂಳಿನ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಜಲಾಶಯದ ಮೂಲ ಸಾಮರ್ಥ್ಯ 132.47 ಟಿಎಂಸಿ. 2008ರ ಸಮೀಕ್ಷೆ 100.855 ಎಂದಿತು, 2016ರದು 105.788. ಎಂಟು ವರ್ಷದಲ್ಲಿ 4.933 ಟಿಎಂಸಿಯಷ್ಟು ಹೂಳು ತಾನಾಗಿ ಕರಗಿತೆಂದು ಯಾರೂ ವಾದಿಸಲಾರರು. ವ್ಯತ್ಯಾಸ ಅಳತೆಯ ವಿಧಾನದ್ದೆಂದು ಎಣಿಸುವುದು ಸಮಂಜಸ. ಹಾಗಿದ್ದಲ್ಲಿ ಈ ಎರಡು ಅಂಕಿಗಳ ನಡುವಿನ ಅವಧಿಯಿಂದ, ಅಂದರೆ ಗಣಿಗಾರಿಕೆ ಉತ್ತುಂಗಕ್ಕೇರಿ ನಿಂತ ವರ್ಷಗಳಿಂದ, ಹೂಳಿನ ವಾರ್ಷಿಕ ದರ ತೆಗೆಯುವುದು ಸಾಧುವಲ್ಲ.

3. ತೊಳೆಯುವ ಜಾಗ

ದೋಣಿಮಲೈಯಲ್ಲಿ ಎನ್‌ಎಂಡಿಸಿ ಗಣಿ 1977ರಿಂದ ನಡೆದಿದೆ. 2018ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ ಗುತ್ತಿಗೆಯ ವಿವಾದದಿಂದ ನಿಂತಿತ್ತು. ಒದ್ದೆ ಜರಡಿಯ ಕ್ರಮ ಸ್ಥೂಲವಾಗಿ ಹೀಗೆ: ಕ್ರಷರ್‌ನಲ್ಲಿ ಒಡೆದ ಅದಿರು ನೀರಿನ ಸಿಂಪರಣೆಯೊಂದಿಗೆ ಜರಡಿ ಹಾಯುತ್ತದೆ, ಲಂಪ್ ಮತ್ತು ಫೈನ್ಸ್ ಬೇರೆಯಾಗುತ್ತವೆ, ಉಳಿದ ರಾಡಿ, ಅಂದರೆ ಸ್ಲೈಮ್, ಥಿಕನರ್ ಮೂಲಕ ಟೈಲಿಂಗ್ ಕಟ್ಟೆ ಸೇರುತ್ತದೆ, ತಿಳಿನೀರು ಮರಳಿ ಜರಡಿಗೆ ಹೋಗುತ್ತದೆ. ನೀರು ಉಳಿಯುವುದು ಥಿಕನರ್‌ನಲ್ಲಿ, ಅಪಾಯ ಉಳಿಯುವುದು ಕಟ್ಟೆಯಲ್ಲಿ.

ಒಣ ಜರಡಿಯ ಗಣಿಗಳಲ್ಲಿ ಈ ರಾಡಿಯೇ ಇಲ್ಲ. ಆದರೆ ಆ ಫೈನ್ಸ್ ಮುಂದೆ ಎಲ್ಲೋ ತೊಳೆಯಲ್ಪಡುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಹದಗೊಳಿಸಿದಾಗ ನೀರಿನ ಲೆಕ್ಕ ನಾರಿಹಳ್ಳದಿಂದ ತುಂಗಭದ್ರೆಯ ಖಾತೆಗೆ ವರ್ಗವಾಗುತ್ತದೆ. ‘ನೀರಿಲ್ಲದ ಸಂಸ್ಕರಣೆ’ ಎಂಬ ಮಾತನ್ನು ಈ ವರ್ಗಾವಣೆಯ ಜತೆಗೇ ಓದಬೇಕು. 2009ರಲ್ಲಿ ಹೆಮಟೈಟ್‌ನ ಕನಿಷ್ಠ ಕಬ್ಬಿಣಾಂಶದ ಮಿತಿ 55ರಿಂದ 45 ಪ್ರತಿಶತಕ್ಕೆ ಇಳಿದದ್ದೂ ಇಲ್ಲಿ ಪ್ರಸ್ತುತ. ಬಡ ಅದಿರು ಲೆಕ್ಕಕ್ಕೆ ಬಂದಷ್ಟೂ ತೊಳೆತ ಹೆಚ್ಚುತ್ತದೆ.

4. ದಿನಾಂಕ ಮತ್ತು ಮಿತಿಗಳು

ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಒಡ್ಡಿದ ತಡೆ ಬಳ್ಳಾರಿಗೆ ಅನ್ವಯಿಸಿದ್ದು 29-7-2011ರಂದು. ಚಿತ್ರದುರ್ಗ, ತುಮಕೂರಿಗೆ 26-8-2011ರಂದು. ‘ಆಗಸ್ಟ್ ನಿಷೇಧ’ ಎಂಬ ಬಳಕೆ ಸಂಡೂರಿಗೆ ಸಲ್ಲದು. 18-4-2013ರ ತೀರ್ಪಿನ ವೇಳೆಗೆ 166 ಗುತ್ತಿಗೆಗಳು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ‘ಎ’ 45, ‘ಬಿ’ 72, ‘ಸಿ’ 49 ಎಂದು ವಿಂಗಡಣೆಗೊಂಡಿದ್ದವು. ‘ಸಿ’ಗೆ 51 ಎಂಬ ಸಂಖ್ಯೆಯೂ ಬಳಕೆಯಲ್ಲಿದೆ, ಅದನ್ನು ಮೇಲಿನ ಮೊತ್ತದೊಂದಿಗೆ ಬೆರೆಸಬಾರದು.

ಅದಿರು ತೆಗೆಯುವ ವಾರ್ಷಿಕ ಮಿತಿ ಬಳ್ಳಾರಿಗೆ 25 ಮತ್ತು ಉಳಿದೆರಡು ಜಿಲ್ಲೆಗಳಿಗೆ 5 ದಶಲಕ್ಷ ಟನ್ ಇದ್ದದ್ದು 2017ರಲ್ಲಿ 28 ಮತ್ತು 7, 2022ರಲ್ಲಿ 35 ಮತ್ತು 15 ಆಯಿತು. ಗೊಂದಲದ ಮೂಲ ‘35’. 2017ರಲ್ಲಿ ಅದು ಮೂರೂ ಜಿಲ್ಲೆಗಳ ಮೊತ್ತ, 2022ರಲ್ಲಿ ಬಳ್ಳಾರಿಯೊಂದರದು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋದುದರಿಂದ, ಈ ‘ಬಳ್ಳಾರಿ’ಯನ್ನು ಅವಿಭಜಿತ ಜಿಲ್ಲೆಯೆಂದೇ ಓದಬೇಕಾದೀತು.

ಮಿತಿ ಇರುವುದು ಅದಿರಿನ ಟನ್ನಿಗೆ. ಕೆಡವಿದ ಮಣ್ಣಿಗಲ್ಲ, ಹರಿದ ನೀರಿಗಲ್ಲ. ಅವೆರಡೂ ಬರುವುದು ಗುತ್ತಿಗೆವಾರು ಪುನಶ್ಚೇತನ ಯೋಜನೆಯಲ್ಲಿ: ದಿಬ್ಬದ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಹಳ್ಳಕ್ಕೆ ಚೆಕ್ ಡ್ಯಾಮ್. ಗುತ್ತಿಗೆಯ ಗೆರೆಯನ್ನು ಹಳ್ಳ ಲೆಕ್ಕಿಸುವುದಿಲ್ಲವಾದ್ದರಿಂದ ಪಕ್ಕಪಕ್ಕದ ಗುತ್ತಿಗೆಗಳ ಯೋಜನೆಗಳನ್ನು ಒಂದೇ ನಕ್ಷೆಯಲ್ಲಿಟ್ಟು ನೋಡುವುದು ಅಗತ್ಯ.

5. ಮಾನದಂಡದ ಬದಲಾವಣೆ

ಕುಡಿಯುವ ನೀರಿನ ಐಎಸ್ 10500 (2012) ಕಬ್ಬಿಣಕ್ಕೆ ಲೀಟರಿಗೆ 0.3 ಮಿ.ಗ್ರಾಂ ಮಿತಿ ಇಟ್ಟಿತ್ತು. 2015ರ ತಿದ್ದುಪಡಿಯಲ್ಲಿ ಅದು 1.0 ಆಯಿತು. ಲೀಟರಿಗೆ 0.6 ಮಿ.ಗ್ರಾಂ ಇರುವ ಮಾದರಿಯೊಂದು ತಿದ್ದುಪಡಿಗೆ ಮುಂಚೆ ಅನುತ್ತೀರ್ಣ, ಆಮೇಲೆ ಉತ್ತೀರ್ಣ, ನೀರು ಅದೇ. ಮ್ಯಾಂಗನೀಸ್‌ನ ಮಿತಿ 0.1, ಬೇರೆ ಮೂಲವಿಲ್ಲದಾಗ 0.3. ಹಳೆಯ ಮತ್ತು ಹೊಸ ಪರೀಕ್ಷೆಗಳನ್ನು ಹೋಲಿಸುವಾಗ ‘ಯೋಗ್ಯ’, ‘ಅಯೋಗ್ಯ’ ಎಂಬ ತೀರ್ಮಾನವನ್ನು ಬಿಟ್ಟು ಮೂಲ ಅಂಕಿಯನ್ನೇ ಹಿಡಿಯುವುದು ಕ್ಷೇಮ. ಕಣಗಳನ್ನು ಸೋಸಿದ ಮಾದರಿಯೋ ಸೋಸದ್ದೋ ಎಂಬುದನ್ನೂ ನಮೂದಿಸಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ಕಬ್ಬಿಣದ ಬಹುಪಾಲು ಕರಗಿರುವುದಿಲ್ಲ, ತೇಲುವ ಕಣಗಳಲ್ಲಿರುತ್ತದೆ.