ಸೋತ ಮ್ಯಾಚು, ಉಳಿದ ಹೆಸರು

"ಸೊಕ್ಕಿದ್ದವರು ಯಾಣಕ್ಕೆ, ರೊಕ್ಕವಿದ್ದವರು ಗೋಕರ್ಣಕ್ಕೆ." ಕುಮಟಾ ಕಡೆ ಇವತ್ತಿಗೂ ಈ ಗಾದೆ ಹೇಳ್ತಾರೆ. ರಸ್ತೆಯೇ ಇಲ್ಲದ ಕಾಲದಲ್ಲಿ ಆ ಕಾಡು ಹೊಕ್ಕು ಬರೋದಕ್ಕೆ ಮೈಯಲ್ಲಿ ಕಸುವು ಬೇಕಿತ್ತು. ಈಗ ವಾಹನ ಇಳಿದು ಒಂದಿಷ್ಟು ನಡೆದರೆ ಸಾಕು. ಎದುರಿಗೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲೇ 90 ಮೀಟರ್‌ನ ಮೋಹಿನಿ ಶಿಖರ. ಎರಡೂ ಕಡುಗಪ್ಪು. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ಇದು, ಅದಕ್ಕೇ ಕಲ್ಲು ಮಣ್ಣು ಕಪ್ಪಾಗಿದೆ ಅನ್ನೋದು ಜನರ ನಂಬಿಕೆ.

ಕಥೆ ನಿಮಗೆ ಗೊತ್ತು. ಯಾರ ತಲೆ ಮೇಲೆ ಕೈಯಿಟ್ಟರೂ ಅವರು ಭಸ್ಮವಾಗಬೇಕು ಅನ್ನೋ ವರ. ಕೈಗೆ ಅಧಿಕಾರ ಬಂತು, ಬುದ್ಧಿ ಹೋಯ್ತು. ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಹೋದ. ಯಾಣದಲ್ಲಿ ನಿಂತರೆ ನನಗೆ ಇದಕ್ಕೆ ತದ್ವಿರುದ್ಧವಾದ ಒಬ್ಬ ಕನ್ನಡಿಗ ನೆನಪಾಗ್ತಾರೆ. ಗುಂಡಪ್ಪ ರಂಗನಾಥ ವಿಶ್ವನಾಥ್. ನಮ್ಮ ವಿಶಿ.

ಹುಟ್ಟಿದ್ದು 1949ರ ಫೆಬ್ರವರಿ 12, ಭದ್ರಾವತಿಯಲ್ಲಿ. ಆಳು ಗಿಡ್ಡ, ಮಣಿಕಟ್ಟು ಮಾತ್ರ ಮಾಂತ್ರಿಕನದು. 1967ರಲ್ಲಿ ಆಗಿನ ಮೈಸೂರು ತಂಡಕ್ಕಾಗಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230 ರನ್. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137! 1974ರ ರಣಜಿ ಸೆಮಿಫೈನಲ್‌ನಲ್ಲಿ, ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದ ಬಾಂಬೆ ಎದುರು 162. ಕರ್ನಾಟಕ ಮೊದಲ ಸಲ ರಣಜಿ ಗೆದ್ದಿದ್ದು ಅದೇ ವರ್ಷ. 1975ರಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಬೆಂಕಿಯಂತೆ ಬೌಲಿಂಗ್ ಮಾಡಿ 7 ವಿಕೆಟ್ ಕಿತ್ತರು. ತಂಡ 190ಕ್ಕೆ ಆಲೌಟ್. ಅದರಲ್ಲಿ ವಿಶಿಯದ್ದೇ 97, ಔಟಾಗದೆ. ಆ ಮ್ಯಾಚು ನಾವು ಗೆದ್ದೆವು. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403ರ ಗುರಿ ಬೆನ್ನಟ್ಟಿ ಗೆದ್ದಾಗಲೂ ಅವರದ್ದು 112.

ಈಗ ಅಸಲಿ ವಿಷಯಕ್ಕೆ ಬರ್ತೀನಿ. 1980ರ ಫೆಬ್ರವರಿ, ಬಾಂಬೆಯ ವಾಂಖೆಡೆ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ಎದುರಾಳಿ ಇಂಗ್ಲೆಂಡ್, ನಾಯಕ ವಿಶಿ. ನಮ್ಮದು 242. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳಕೊಂಡು ಒದ್ದಾಡ್ತಿತ್ತು. ಆಗ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶಿಗೆ ಅನ್ನಿಸಿತು. ಸುಮ್ಮನೆ ಇರಬಹುದಿತ್ತು. ಕೇಳೋರು ಯಾರು? ತೀರ್ಪು ಅಂಪೈರ್‌ದು, ಪಾಪ ಅವರದ್ದು ಅಂತ ಕೈತೊಳೆದುಕೊಂಡರೆ ಮುಗೀತಿತ್ತು. ವಿಶಿ ಹಾಗೆ ಮಾಡಲಿಲ್ಲ. ಅಂಪೈರ್ ಜೊತೆ ಮಾತಾಡಿ ಟೇಲರ್‌ರನ್ನ ವಾಪಸ್ ಕರೆಸಿದರು.

ಆಮೇಲೇನಾಯ್ತು? ಟೇಲರ್ 43 ಹೊಡೆದರು. ಬೋಥಮ್ 114. ಇಬ್ಬರ ಜೊತೆಯಾಟ 171. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ವಿಶಿ ನಾಯಕರಾಗಿದ್ದು ಎರಡೇ ಟೆಸ್ಟ್. ಒಂದು ಡ್ರಾ, ಒಂದು ಸೋಲು. ಅಂದ್ರೆ ದಾಖಲೆ ಪುಸ್ತಕದಲ್ಲಿ ಅವರು ಒಂದೂ ಟೆಸ್ಟ್ ಗೆಲ್ಲದ ನಾಯಕ.

"ದೇಶದ ಮ್ಯಾಚು ಸೋಲಿಸೋಕೆ ಇವರಿಗೆ ಹಕ್ಕಿತ್ತಾ?" ಅಂತ ಕೇಳೋರು ಇರ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇದನ್ನೂ ನೋಡಿ: 91 ಟೆಸ್ಟ್, 6080 ರನ್, 14 ಶತಕ. ಅವರು ಶತಕ ಹೊಡೆದ ಒಂದೇ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ತಂಡಕ್ಕೆ ಇಷ್ಟು ಕೊಟ್ಟ ಮನುಷ್ಯನಿಗೆ ಗೆಲುವಿನ ಬೆಲೆ ಗೊತ್ತಿರಲಿಲ್ಲ ಅನ್ನೋಕಾಗುತ್ತಾ? ಗೊತ್ತಿತ್ತು. ಸುಳ್ಳು ವಿಕೆಟ್ ಕೊಟ್ಟು ಕೊಳ್ಳುವಷ್ಟು ದೊಡ್ಡದಲ್ಲ ಅನ್ನೋದೂ ಗೊತ್ತಿತ್ತು.

ಕುರ್ಚಿ ಸಿಕ್ಕ ಮರುದಿನವೇ ಯಾರ ತಲೆ ಮೇಲೆ ಕೈಯಿಡಲಿ ಅಂತ ಹುಡುಕೋ ಕಾಲ ಇದು. ಮಕ್ಕಳನ್ನ ಕರಕೊಂಡು ಯಾಣಕ್ಕೆ ಹೋದರೆ ಭಸ್ಮಾಸುರನ ಕಥೆ ಹೇಳೇ ಹೇಳ್ತೀರಿ. ಜೊತೆಗೆ, ಔಟಾದವನನ್ನ ಕರೆದು ಬ್ಯಾಟ್ ಮಾಡಿಸಿದ ಭದ್ರಾವತಿಯ ವಿಶಿ ಕಥೆಯನ್ನೂ ಹೇಳಿ.