ಖಾಕಿಯಿಂದ ಆರು ಜೇಬಿನವರೆಗೆ: ದುಡಿಮೆಯ ಪ್ಯಾಂಟಿನ ಚರಿತ್ರೆ

ಕಾಸರಗೋಡು, ಉಪ್ಪಳ, ಮಂಜೇಶ್ವರಗಳ ಜವಳಿ ಅಂಗಡಿಗಳಲ್ಲಿ ‘ಸಿಕ್ಸ್ ಪಾಕೆಟ್’, ‘ಕಾರ್ಗೊ’, ‘ಟ್ಯಾಕ್ಟಿಕಲ್’ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಪ್ಯಾಂಟುಗಳನ್ನು ಕಂಡಾಗ ನಮ್ಮ ಹಿರಿಯರು ಅವನ್ನು ಹೊಸ ಕಾಲದ ಷೋಕಿ ಎಂದೇ ತಿಳಿಯುತ್ತಾರೆ. ಕೊಳ್ಳುವ ಹುಡುಗರೂ ಹಾಗೆಯೇ ತಿಳಿದಿರುತ್ತಾರೆ. ಆದರೆ ಈ ಉಡುಪಿನ ಒಂದೊಂದು ಅಂಗಕ್ಕೂ ಚರಿತ್ರೆಯಿದೆ. ಬಣ್ಣಕ್ಕೆ ಒಂದು, ನೇಯ್ಗೆಗೆ ಒಂದು, ಹೊಲಿಗೆಗೆ ಒಂದು, ಜೇಬಿಗೆ ಇನ್ನೊಂದು. ಅದರಲ್ಲಿ ಮೊದಲ ಎಳೆಯನ್ನು ಹಿಡಿದು ಹೊರಟರೆ ನಾವು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಬಲ್ಮಠದ ಗುಡ್ಡದವರೆಗೆ ಹೋದರೆ ಸಾಕು. ದುಡಿಯುವವನ ಬಟ್ಟೆ ಎಲ್ಲಿ ಸೋತಿತೋ ಅಲ್ಲಿಯೇ ಅದು ಸುಧಾರಿಸಿತು ಎಂಬುದು ಈ ಚರಿತ್ರೆಯ ಸಾರ. ಇದನ್ನು ಅರಿತವರಿಗೆ ಒಳ್ಳೆಯ ಪ್ಯಾಂಟನ್ನು ಆರಿಸುವುದೂ ಕಷ್ಟವಾಗಲಾರದು.

ಪ್ಯಾಂಟು ಬರುವ ಮುನ್ನ

ನಮ್ಮ ಕರಾವಳಿಯಲ್ಲಿ ದುಡಿಮೆಯ ಉಡುಪೆಂದರೆ ಮುಂಡು ಮತ್ತು ಬೈರಾಸು. ಗದ್ದೆ ಉಳುವಾಗ ಮುಂಡನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುತ್ತಿದ್ದರು. ಅಡಿಕೆ ಮರವನ್ನೋ ತಾಳೆ ಮರವನ್ನೋ ಹತ್ತುವವರು ಬೈರಾಸನ್ನು ಕಚ್ಚೆ ಹಾಕಿಕೊಳ್ಳುತ್ತಿದ್ದರು. ಕಚ್ಚೆಯ ಗುಣವನ್ನು ಇಲ್ಲಿ ಗಮನಿಸಬೇಕು. ಹೊಲಿಗೆಯೇ ಇಲ್ಲದ ಆ ಬಟ್ಟೆ ತೊಡೆಗಳ ನಡುವೆ ಸಡಿಲವಾಗಿ ಹಾದುಹೋಗುವುದರಿಂದ ಕಾಲನ್ನು ಎಷ್ಟು ಅಗಲಿಸಿದರೂ, ಎಷ್ಟು ಎತ್ತಿದರೂ ಅದು ಹರಿಯುವುದಿಲ್ಲ. ಎರಡು ಕೊಳವೆಗಳನ್ನು ನಡುವೆ ಜೋಡಿಸಿ ಹೊಲಿದ ಪ್ಯಾಂಟಿಗೆ ಈ ಗುಣವಿಲ್ಲ. ಅದು ಮೊದಲು ಬಿಚ್ಚಿಕೊಳ್ಳುವುದೇ ತೊಡೆಸಂದಿಯಲ್ಲಿ. ಕಚ್ಚೆಗೆ ಸಹಜವಾಗಿದ್ದ ಈ ಅನುಕೂಲವನ್ನು ಹೊಲಿದ ಉಡುಪಿಗೆ ತಂದುಕೊಡುವುದು ಹೇಗೆಂಬ ಪ್ರಶ್ನೆ ಮುಂದೆ ಬಹಳ ಕಾಲ ಉಳಿಯಿತು.

ಕಚ್ಚೆಗೆ ಕೊರತೆಗಳೂ ಇದ್ದವು. ಮುಳ್ಳು, ಉಂಬಳ, ಹಾವು, ಬಿಸಿಲುಗಳಿಂದ ಕಾಲಿಗೆ ರಕ್ಷಣೆಯಿಲ್ಲ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು, ಎಲೆಯಡಿಕೆಯನ್ನು ಮಡಿಲಲ್ಲಿ ಕಟ್ಟಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದನ್ನು ಇಟ್ಟುಕೊಳ್ಳಲು ಜಾಗವಿಲ್ಲ.

ಬಲ್ಮಠದ ಮಗ್ಗಗಳು

ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. ಆಗ ಕಾಸರಗೋಡು ಮಂಗಳೂರನ್ನೇ ಕೇಂದ್ರವಾಗಿಟ್ಟುಕೊಂಡಿದ್ದ ಕೆನರಾ ಜಿಲ್ಲೆಯ ಭಾಗವಾಗಿತ್ತು. ಮತಾಂತರಗೊಂಡವರಲ್ಲಿ ಮಂಗಳೂರಿನ ಕಡೆ ಬಿಲ್ಲವರೂ ಮಲಬಾರಿನ ಕಡೆ ತೀಯರೂ ಹೆಚ್ಚಾಗಿದ್ದರು. ಹೊಸ ಮತ ಸೇರಿದವರಿಗೆ ಹಳೆಯ ಆಶ್ರಯವೂ ಕಸುಬೂ ತಪ್ಪಿದಾಗ ಅವರಿಗೆ ಅನ್ನದ ದಾರಿ ತೋರಿಸಬೇಕಾಯಿತು. ಹೀಗೆ ಮಿಶನ್ನಿನ ನೇಯ್ಗೆ ಕೆಲಸ ಮೊದಲಾಯಿತು. 1851ರಲ್ಲಿ ನೇಯ್ಗೆಯಲ್ಲಿ ನುರಿತ ಜೊಹಾನ್ ಹಾಲರ್ ಎಂಬವನು ಯುರೋಪಿನಿಂದ ಬಂದು ಬಲ್ಮಠದ ಮಗ್ಗಗಳನ್ನು ಸುಧಾರಿಸಿದನು. ಹಗ್ಗವನ್ನು ಎಳೆದರೆ ತಾನೇ ಆಚೀಚೆ ಓಡುವ ಲಾಳಿಯ ಮಗ್ಗ ಇಲ್ಲಿ ಬಳಕೆಗೆ ಬಂದುದು ಅವನ ಕಾಲದಲ್ಲಿ. ಲಾಳಿಯನ್ನು ಕೈಯಿಂದ ಕೈಗೆ ದಾಟಿಸುವ ಶ್ರಮ ತಪ್ಪಿದ್ದರಿಂದ ಹೆಚ್ಚು ಅಗಲದ ಬಟ್ಟೆಯನ್ನು ಒಬ್ಬನೇ ಬೇಗ ನೇಯಬಹುದಾಯಿತು. ಕೆಲವೇ ವರ್ಷಗಳಲ್ಲಿ ಕಣ್ಣೂರು, ಕಲ್ಲಿಕೋಟೆಗಳಲ್ಲೂ ಮಿಶನ್ನಿನ ನೇಯ್ಗೆ ಶಾಲೆಗಳು ತೆರೆದವು.

ಖಾಕಿ ಬಣ್ಣವನ್ನು ಬಲ್ಮಠದಲ್ಲಿ ಮೊದಲು ತಯಾರಿಸಿದವನು ಈ ಹಾಲರ್ ಎಂಬುದು ಮಂಗಳೂರಿನಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಗೇರು ಜಾತಿಯ ಮರದಿಂದ ಅವನು ಈ ಬಣ್ಣವನ್ನು ಪಡೆದನೆಂದು ಹೇಳುತ್ತಾರೆ. ಈ ಮಾತಿನಲ್ಲಿ ನಂಬಲು ತಕ್ಕ ಅಂಶವಿದೆ. ಕಾಡುಗೇರಿನ ಕಾಯಿಯ ರಸ ಬಟ್ಟೆಗೆ ತಗಲಿದರೆ ಹೋಗುವುದಿಲ್ಲ ಎಂಬುದು ನಮ್ಮ ಮಡಿವಾಳರಿಗೆ ಹಳೆಯ ತಿಳಿವಳಿಕೆ. ಯಾವ ಬಟ್ಟೆ ಯಾವ ಮನೆಯದೆಂದು ಗುರುತು ಹಾಕಲು ಅವರು ಬಳಸುತ್ತಿದ್ದುದು ಅದನ್ನೇ. ನಾವು ಕೇರು, ಗೇರು ಎನ್ನುವುದನ್ನು ಮಲಯಾಳದವರು ಚೇರ್ ಎನ್ನುತ್ತಾರೆ. ಕನ್ನಡದ ಕಕಾರ ಅಲ್ಲಿ ಚಕಾರವಾಯಿತು, ಅಷ್ಟೇ. ಕಾಯಿಯೂ ಒಂದು, ಕಲೆಯೂ ಒಂದು.

ಮುಂದೆ ಕೆನರಾದ ಪೊಲೀಸರಿಗೆ ಈ ಬಟ್ಟೆಯನ್ನು ತೊಡಿಸಿದರೆಂದೂ, 1881ರಿಂದ 1885ರವರೆಗೆ ಮದರಾಸು ಸೇನೆಯ ದಂಡನಾಯಕನಾಗಿದ್ದ ರಾಬರ್ಟ್ಸ್ ಬಲ್ಮಠಕ್ಕೆ ಬಂದು ಮೆಚ್ಚಿ ಇದನ್ನು ಸೈನಿಕರಿಗೆ ಶಿಫಾರಸು ಮಾಡಿದನೆಂದೂ ಮಂಗಳೂರಿನ ಹೇಳಿಕೆ ಮುಂದುವರಿಯುತ್ತದೆ. ಆದರೆ ಚರಿತ್ರೆಯನ್ನು ಬರೆಯುವಾಗ ಅಭಿಮಾನ ಒಂದೇ ಸಾಲದು. ಖಾಕಿಗೆ ಇನ್ನೊಂದು ಮೂಲವಿದೆ, ಅದನ್ನು ಮರೆಮಾಚಲಾಗದು. 1846ರ ಕೊನೆಯಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ‘ಗೈಡ್ಸ್’ ಎಂಬ ದಳವನ್ನು ಕಟ್ಟಿದನು. ಮಣ್ಣಿನ ಬಣ್ಣದ ಉಡುಪನ್ನು ಮೊದಲು ತೊಟ್ಟ ದಳವೆಂಬ ಹೆಸರು ಅದಕ್ಕಿದೆ. ‘ಖಾಕ್’ ಎಂದರೆ ಪಾರಸಿಯಲ್ಲಿ ಮಣ್ಣು, ಧೂಳು. 1857ರ ದಂಗೆಯ ವೇಳೆ ಬ್ರಿಟಿಷ್ ಸಿಪಾಯಿಗಳು ತಮ್ಮ ಬಿಳಿ ಉಡುಪನ್ನು ಚಹದಲ್ಲಿಯೂ ಶಾಯಿಯಲ್ಲಿಯೂ ಅದ್ದಿ ಬಣ್ಣಗೆಡಿಸಿಕೊಂಡದ್ದೂ ದಾಖಲೆಯಲ್ಲಿದೆ. ಬಣ್ಣದ ಕಲ್ಪನೆಗೆ ಪೇಶಾವರದ ಹಕ್ಕು ಬಲವಾದುದು. ಬಟ್ಟೆಯನ್ನು ಮಗ್ಗದಲ್ಲೇ ನೇಯ್ದು, ಬಣ್ಣ ಹಾಕಿ, ಒಂದು ಕಸುಬಾಗಿ ಬೆಳೆಸಿದ ಗೌರವ ಬಲ್ಮಠಕ್ಕೆ ಸಲ್ಲಬೇಕು. ಇವೆರಡೂ ಒಂದಕ್ಕೊಂದು ವಿರೋಧವಲ್ಲ.

ಎಲ್ಲ ಕಡೆಯೂ ಇದ್ದ ತೊಂದರೆ ಒಂದೇ: ಒಗೆದಂತೆ ಬಣ್ಣ ಮಾಸುತ್ತಿತ್ತು. ಒಂದು ದಳದಲ್ಲಿ ಹತ್ತು ಮಂದಿ ನಿಂತರೆ ಹತ್ತು ಛಾಯೆ. 1884ರಲ್ಲಿ ಇಂಗ್ಲೆಂಡಿನ ಗ್ಯಾಟಿ ಎಂಬವನು ಮಾಸದ ಖಾಕಿ ಬಣ್ಣಕ್ಕೆ ಪೇಟೆಂಟ್ ಪಡೆದ ಮೇಲೆ ಈ ಕೊರತೆ ನೀಗಿತು. ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳು ನೂಲಿನಲ್ಲೇ ಕೂತು ಗಟ್ಟಿಯಾಗುವ ಈ ಬಗೆಯ ಖಾಕಿ ಬಿಸಿಲಿಗೂ ಸೋಪಿಗೂ ಜಗ್ಗುತ್ತಿರಲಿಲ್ಲ. ಪೊಲೀಸ್, ಅಂಚೆ, ಬಸ್ಸು ಎಂದು ಖಾಕಿ ನಮ್ಮ ಊರೂರಿಗೆ ಹಬ್ಬಿದ್ದು ಬಣ್ಣ ನಿಲ್ಲತೊಡಗಿದ ಮೇಲೆ.

ಓರೆಗೆರೆಯ ಗುಟ್ಟು

ಖಾಕಿಯ ಬಾಳಿಕೆಗೆ ಬಣ್ಣಕ್ಕಿಂತ ಮುಖ್ಯವಾದ ಕಾರಣ ಅದರ ನೇಯ್ಗೆ. ಸಾದಾ ಬಟ್ಟೆಯಲ್ಲಿ ಹೊಕ್ಕಿನ ಎಳೆ ಹಾಸಿನ ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹೀಗೆ ಹಾದುಹೋಗುತ್ತದೆ. ‘ಡ್ರಿಲ್’ ಬಟ್ಟೆಯಲ್ಲಿ ಎಳೆಯೊಂದು ಎರಡು ಮೂರು ಎಳೆಗಳನ್ನು ಒಮ್ಮೆಗೇ ದಾಟುತ್ತದೆ; ಪ್ರತಿ ಸಾಲಿನಲ್ಲೂ ದಾಟುವ ಜಾಗ ಒಂದೆಳೆಯಷ್ಟು ಸರಿಯುತ್ತದೆ. ಬಟ್ಟೆಯ ಮೇಲೆ ಓರೆಗೆರೆಗಳು ಕಾಣುವುದು ಇದರಿಂದ. ಎಳೆಗಳನ್ನು ಇಲ್ಲಿ ಹೆಚ್ಚು ಒತ್ತೊತ್ತಾಗಿ ತುಂಬಬಹುದು. ಹರಿಯುವ ಸಂದರ್ಭ ಬಂದರೆ ಎಳೆಗಳು ತುಸು ಸರಿದು ಒಟ್ಟುಗೂಡಿ ಜತೆಯಾಗಿ ತಡೆಯುತ್ತವೆ. ಒಂಟಿ ಎಳೆ ಕಡಿಯುವಷ್ಟು ಸುಲಭವಾಗಿ ಗುಂಪು ಕಡಿಯುವುದಿಲ್ಲ. ಜೀನ್ಸಿನ ಬಟ್ಟೆಯೂ ಇದೇ ಬಗೆಯ ನೇಯ್ಗೆ.

ಇಂಗ್ಲಿಷಿನಲ್ಲಿ ಒರಟು ಕೆಲಸದ ಉಡುಪಿಗೆ ಇರುವ ‘ಡಂಗರಿ’ ಎಂಬ ಹೆಸರು ಮುಂಬಯಿಯ ಡೋಂಗ್ರಿಯಿಂದ ಬಂದದ್ದು. ‘ಕ್ಯಾಲಿಕೊ’ ಎಂಬ ಬಟ್ಟೆಯ ಹೆಸರು ಕಲ್ಲಿಕೋಟೆಯಿಂದ. ಪಶ್ಚಿಮ ಕರಾವಳಿಯ ಮಗ್ಗಗಳ ಗುರುತು ಹೀಗೆ ಪರರ ನಿಘಂಟಿನಲ್ಲಿ ಉಳಿದಿದೆ.

ಹರಿದ ಜೇಬು, ಹೊಸ ಜೇಬು

ಬಟ್ಟೆ ಗಟ್ಟಿಯಾದ ಮೇಲೆ ಸೋಲು ಹೊಲಿಗೆಗೆ ಬಂತು. ಇದಕ್ಕೆ ಪರಿಹಾರ ಸಿಕ್ಕಿದ್ದು ಗಣಿ, ರೈಲುದಾರಿ, ಮರಗೆಲಸಗಳು ಭರದಿಂದ ಸಾಗುತ್ತಿದ್ದ ಅಮೆರಿಕದ ಪಶ್ಚಿಮ ಭಾಗದಲ್ಲಿ. ರೀನೋ ಎಂಬ ಊರಿನ ದರ್ಜಿ ಜೇಕಬ್ ಡೇವಿಸನಲ್ಲಿಗೆ ಮರ ಕಡಿಯುವವನೊಬ್ಬನ ಹೆಂಡತಿ ಬಂದು, ಗಂಡನಿಗೆ ಹರಿಯದ ಪ್ಯಾಂಟು ಬೇಕೆಂದು ಕೇಳಿದಳು. ಅವನು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದುಕೊಟ್ಟನು. ಆ ಪ್ಯಾಂಟಿಗೆ ಬೇಡಿಕೆ ಹೆಚ್ಚಿದಾಗ, ತನಗೆ ಬಟ್ಟೆ ಒದಗಿಸುತ್ತಿದ್ದ ಲೆವಿ ಸ್ಟ್ರಾಸ್‌ನೊಂದಿಗೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಜೀನ್ಸಿನ ಚರಿತ್ರೆ ಅಲ್ಲಿಂದ ಆರಂಭ. ದರ್ಜಿಯ ಹೆಸರೂ ವ್ಯಾಪಾರಿಯ ಹೆಸರೂ ಉಳಿದುವು. ಆ ಹೆಂಗಸಿನ ಹೆಸರು ಯಾರ ಬಾಯಲ್ಲೂ ಇಲ್ಲ.

ತೊಡೆಯ ಮೇಲಿನ ದೊಡ್ಡ ಜೇಬು ಯುದ್ಧದ ಕೂಸು. 1938ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಹೊಸ ಸಮವಸ್ತ್ರದಲ್ಲಿ ಭೂಪಟವನ್ನು ಇಡಲು ತೊಡೆಯ ಮೇಲೊಂದು ಜೇಬಿತ್ತು. 1942ರ ಹೊತ್ತಿಗೆ ಅಮೆರಿಕದ ಯಾರ್ಬರೊ ಎಂಬ ಅಧಿಕಾರಿ ವಿಮಾನದಿಂದ ಧುಮುಕುವ ಸೈನಿಕರಿಗಾಗಿ ರೂಪಿಸಿದ ಉಡುಪಿನಲ್ಲಿ ಎರಡೂ ತೊಡೆಗಳಿಗೆ ಅಗಲವಾದ ಜೇಬುಗಳು ಬಂದವು. ನೆಲ ಮುಟ್ಟಿದ ಕ್ಷಣದಿಂದ ಬೇಕಾಗುವ ಆಹಾರ, ಗುಂಡು, ಪಟ್ಟಿಬಟ್ಟೆ ಎಲ್ಲವೂ ಮೈಮೇಲೆಯೇ ಇರಬೇಕಿತ್ತು. ಪ್ಯಾರಾಚೂಟಿನ ಬಟ್ಟೆಯಿಂದ ಇನ್ನೊಂದು ಉಪಾಯವೂ ಬಂತು: ಅಲ್ಲಲ್ಲಿ ದಪ್ಪ ಎಳೆಗಳನ್ನು ಸೇರಿಸಿ ಚೌಕಚೌಕವಾಗಿ ನೇಯುವುದು. ಸೀಳು ಮೊದಲಾದರೂ ಮುಂದಿನ ದಪ್ಪ ಎಳೆಯಲ್ಲಿ ನಿಲ್ಲುತ್ತದೆ. ‘ರಿಪ್‌ಸ್ಟಾಪ್’ ಎನ್ನುವುದು ಇದನ್ನೇ.

ಉಳಿದದ್ದು ತೊಡೆಸಂದಿಯ ಪ್ರಶ್ನೆ. ಅದು ಬಂಡೆ ಹತ್ತುವವರಿಗೆ ಎಲ್ಲರಿಗಿಂತ ಹೆಚ್ಚು ಕಾಡಿತು. ಅಮೆರಿಕದ ಹೆಸರಾಂತ ಬಂಡೆಯೇರುಗ ರಾಯಲ್ ರಾಬಿನ್ಸ್ 1968ರಲ್ಲಿ ಹೆಂಡತಿಯೊಡಗೂಡಿ ಆರಂಭಿಸಿದ ವ್ಯಾಪಾರದಿಂದ ಹೊರಬಂದ ಒಂದು ಗಟ್ಟಿ ಪ್ಯಾಂಟನ್ನು 1990ರ ದಶಕದಲ್ಲಿ ಅಲ್ಲಿನ ಕೇಂದ್ರ ತನಿಖಾ ದಳದ ತರಬೇತಿ ಶಾಲೆಯವರು ಮೆಚ್ಚಿ ಬಳಸತೊಡಗಿದರು. ಬಂಡೆಯ ಕಷ್ಟವನ್ನು ಅಳೆಯುವ 5.11 ಎಂಬ ದರ್ಜೆಯೇ ಆ ಪ್ಯಾಂಟಿನ ಹೆಸರಾಗಿ, 2003ರಲ್ಲಿ ಬೇರೆಯೇ ಕಂಪೆನಿಯಾಯಿತು. ‘ಟ್ಯಾಕ್ಟಿಕಲ್ ಪ್ಯಾಂಟು’ ಎಂಬ ಮಾತು ಜಗತ್ತಿನಲ್ಲಿ ಹರಡಿದ್ದು ಬಹುಪಾಲು ಇದರಿಂದ. ಈ ಬಗೆಯ ಪ್ಯಾಂಟುಗಳಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡದಂತೆ ತೊಡೆಸಂದಿಯಲ್ಲಿ ವಜ್ರದಾಕಾರದ ಒಂದು ತುಂಡನ್ನು ಸೇರಿಸಿ ಹೊಲಿಯುತ್ತಾರೆ. ಕಾಲನ್ನು ಅಗಲಿಸಿದಾಗ ಎಳೆತ ಹೊಲಿಗೆಯ ಮೇಲೆ ಬೀಳದೆ ಬಟ್ಟೆಗೆ ಹಂಚಿಹೋಗುತ್ತದೆ. ನಮ್ಮ ಕಚ್ಚೆ ಮಾಡುತ್ತಿದ್ದ ಕೆಲಸವೂ ಇದೇ.

ಆರಿಸುವಾಗ ನೋಡಬೇಕಾದದ್ದು

ಈ ಚರಿತ್ರೆಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ಹೆಸರಿಗೆ ಮರುಳಾಗಬೇಕಾಗಿಲ್ಲ. ಪ್ಯಾಂಟನ್ನು ಒಳಮಗ್ಗುಲಾಗಿ ತಿರುವಿ ಮೊದಲು ತೊಡೆಸಂದಿಯನ್ನು ನೋಡಬೇಕು. ಅಲ್ಲಿ ಆ ತುಂಡು ಇದ್ದರೆ ಒಳಿತು. ತೊಟ್ಟು ನೋಡುವಾಗ ಕನ್ನಡಿಯ ಮುಂದೆ ನಿಂತರೆ ಸಾಲದು. ಕುಕ್ಕರುಗಾಲಿನಲ್ಲಿ ಕೂತು, ಒಂದು ಕಾಲನ್ನು ಮೆಟ್ಟಲೇರುವಂತೆ ಎತ್ತಿ ನೋಡಬೇಕು. ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿದಿರಬೇಕು. ಜೇಬಿನ ಬಾಯಿಯ ಎರಡು ಕೊನೆಗಳಲ್ಲಿಯೂ ಬೆಲ್ಟಿನ ಪಟ್ಟಿಗಳಲ್ಲಿಯೂ ದಟ್ಟವಾದ ಅಡ್ಡಹೊಲಿಗೆ ಇರಬೇಕು. ಡೇವಿಸನ ರಿವೆಟ್ಟಿನ ಕೆಲಸವನ್ನು ಇಂದು ಅದು ಮಾಡುತ್ತದೆ. ಮೊಣಕಾಲಿಗೆ ಎರಡು ಪದರ ಬಟ್ಟೆಯಿದ್ದರೆ ತೋಟದ ಕೆಲಸಕ್ಕೆ, ಟೈಲ್ಸ್ ಹಾಕುವವರಿಗೆ, ವಯರಿಂಗಿನವರಿಗೆ ಅನುಕೂಲ.

ಬಟ್ಟೆಯ ವಿಷಯದಲ್ಲಿ ನಮ್ಮ ಹವೆಯನ್ನು ಮರೆಯಬಾರದು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ದಪ್ಪ ಹತ್ತಿಯ ಪ್ಯಾಂಟು ಒಮ್ಮೆ ನೆನೆದರೆ ಆಟಿ ತಿಂಗಳಲ್ಲಿ ಎರಡು ದಿನವಾದರೂ ಒಣಗದು. ಚದರ ಮೀಟರಿಗೆ 400 ಗ್ರಾಂ ತೂಗುವ ಜೀನ್ಸಿಗಿಂತ 200ರಿಂದ 250 ಗ್ರಾಮಿನ ಓರೆನೇಯ್ಗೆ ಅಥವಾ ರಿಪ್‌ಸ್ಟಾಪ್ ಬಟ್ಟೆ ಮಳೆಗಾಲಕ್ಕೆ ಹಗುರ. ಪಾಲಿಯೆಸ್ಟರ್ 65, ಹತ್ತಿ 35ರ ಮಿಶ್ರಣ ಬೇಗ ಒಣಗುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಆದರೆ ಬೇಸಗೆಯ ಸೆಕೆಯಲ್ಲಿ ಹತ್ತಿ ಹೆಚ್ಚಿದ್ದಷ್ಟೂ ಮೈಗೆ ಹಿತ. ಬೆಂಕಿಯ ಬಳಿ, ವೆಲ್ಡಿಂಗಿನ ಕಿಡಿಯ ಬಳಿ ದುಡಿಯುವವರು ಪಾಲಿಯೆಸ್ಟರನ್ನು ತೊಡಲೇಬಾರದು. ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಗಲ್ಫಿಗೆ ಕೆಲಸಕ್ಕೆ ಹೊರಡುವ ಮಕ್ಕಳಿಗೆ ಮನೆಯವರು ಹೇಳಿಕೊಡಬೇಕಾದ ಮಾತಿದು. ಜೇಬುಗಳ ಸಂಖ್ಯೆಗಿಂತ ಅವುಗಳ ಆಳ ಮುಖ್ಯ. ತುಂಬಿದ ತೊಡೆಜೇಬು ನಡೆಯುವಾಗ ಕಾಲಿಗೆ ಬಡಿಯುವುದಾದರೆ ಅದು ಇದ್ದೂ ಉಪಯೋಗವಿಲ್ಲ.

ಉಳಿಸಬೇಕಾದ ನೆನಪು

ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರಕಾರ ವಶಪಡಿಸಿಕೊಂಡಿತು. ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕಲ್ಲಿಕೋಟೆಯ ಮಾನಾಂಚಿರದ ಬಳಿಯ ನೇಯ್ಗೆ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿತು. ಮಿಶನ್ನಿನವರು ಕಟ್ಟಿದ ಪದಕೋಶಗಳು ಇಂದಿಗೂ ನಮ್ಮ ಕೈಯಲ್ಲಿವೆ. 1872ರಲ್ಲಿ ಗುಂಡರ್ಟರ ಮಲಯಾಳ ನಿಘಂಟೂ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟೂ ಮಂಗಳೂರಿನಿಂದಲೇ ಪ್ರಕಟವಾದವು. ಎರಡು ನುಡಿಗಳ ಪದಗಳನ್ನು ಹೀಗೆ ಜೋಪಾನ ಮಾಡಿದಂತೆ ಎರಡು ನುಡಿಗಳ ನೇಕಾರರ ನೆನಪನ್ನು ಯಾರೂ ಜೋಪಾನ ಮಾಡಲಿಲ್ಲ. ಹಾಲರನ ಹೆಸರು ಉಳಿದಿದೆ. ಅವನ ಬಣ್ಣದ ಹಂಡೆಗೆ ಸೌದೆ ಹಾಕಿದವರ, ಬಿಸಿನೀರಿನಲ್ಲಿ ನೂಲನ್ನು ತಿರುವಿದವರ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವರ ಹೆಸರುಗಳು ನಮ್ಮ ಬಾಯಲ್ಲಿಲ್ಲ. ಅವರಲ್ಲಿ ತುಳು, ಕನ್ನಡ, ಮಲಯಾಳ ಆಡುವವರೆಲ್ಲ ಇದ್ದರು. 1956ರ ನವೆಂಬರ್ 1ರಂದು ನಡುವೆ ಗೆರೆ ಬಿದ್ದ ಮೇಲೆ ಆ ಚರಿತ್ರೆಯೂ ಎರಡು ತುಂಡಾಗಿ, ಅರ್ಧ ಮಂಗಳೂರಿನದು, ಅರ್ಧ ಮಲಬಾರಿನದು ಎನಿಸಿತು.

ಗಡಿಯ ಎರಡೂ ನುಡಿಗಳನ್ನು ಬಲ್ಲ ನಮ್ಮಂಥವರೇ ಈ ತುಂಡುಗಳನ್ನು ಜೋಡಿಸಬೇಕು. ಹಳೆಯ ನೇಯ್ಗೆ ಕಾರ್ಖಾನೆಯ ಸಂಬಳದ ಚೀಟಿ, ಲಾಳಿ, ಹಳೆಯ ಖಾಕಿ ತುಂಡು, ಊರ ದರ್ಜಿಯ ಅಳತೆಯ ಪುಸ್ತಕ ಯಾರ ಮನೆಯ ಅಟ್ಟದಲ್ಲಿದ್ದರೂ ಅವನ್ನು ಗುಜರಿಗೆ ಹಾಕದಿರಲಿ. ಮಗ್ಗದಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರು ಹೇಳುವುದನ್ನು ಯಾವ ನುಡಿಯಲ್ಲಾದರೂ ಸರಿ, ಅವರು ಹೇಳಿದಂತೆಯೇ ಬರೆದಿಡಲಿ. ಮುಂದೆ ಈ ಚರಿತ್ರೆಯನ್ನು ಬರೆಯುವವರಿಗೆ ಹಾಲರನೊಬ್ಬನ ಹೆಸರು ಮಾತ್ರ ಸಿಗುವಂತಾಗಬಾರದು.